ಕೂಗಳತೆ

ಒಲೆಯ ಮೇಲಿದ್ದ ಹಾಲು ಉಕ್ಕಿತು, ಬತ್ತಿತು, ತಳ ಹಿಡಿದು ಪಾತ್ರೆ ಕಪ್ಪಾಯಿತು. ಅಷ್ಟು ಹೊತ್ತೂ ಗಂಡ ಅದರಿಂದ ಮೂರಡಿ ದೂರದಲ್ಲಿ ಕೂತು ಪೇಪರ್ ಓದುತ್ತಿದ್ದ. ಹೊರಗಿನ ಕೋಣೆಯಲ್ಲಿ ಹೊಲಿಗೆ ಮಷಿನ್ ತುಳಿಯುತ್ತಿದ್ದ ಟೈಲರಮ್ಮನಿಗೆ ವಾಸನೆ ಬಡಿದು ಅವಳು ಓಡಿ ಬರುವ ಹೊತ್ತಿಗೆ ಅಡುಗೆಮನೆಯಲ್ಲಿ ಗಂಡನ ಮುಖವೇ ಮಬ್ಬಾಗಿ ಕಾಣುತ್ತಿತ್ತು.

"ರೀ! ಹಾಲು!"

ಅವನು ತಲೆಯೆತ್ತಿ ಒಲೆಯನ್ನು ನೋಡಿದ, ಅವಳನ್ನು ನೋಡಿದ. "ಓ," ಎಂದ.

ಒಳಗಿನ ಕೋಣೆಯಿಂದ ಅತ್ತೆಯ ದನಿ ಬಂತು. "ಏನೇ ಅದು ಸುಟ್ಟಿದ್ದು?"

"ಹಾಲು, ಅತ್ತೆ."

"ಮನೇಲೊಂದು ಫೈರ್ ಇಂಜಿನ್ ಇಟ್ಕೊಂಡು ಹಾಲು ಸುಟ್ಟಿದೀರಲ್ಲ! ಅವನೇನು ಮಾಡ್ತಿದ್ದ ಅಲ್ಲಿ?"

ಗಂಡ ಏನೋ ಹೇಳಿದ.

"ಏನಂದ?"

"ಮೂಗು ಕಟ್ಟಿದೆಯಂತೆ ಅತ್ತೆ. ಶೀತ."

"ಅದನ್ನ ಬಾಯಿ ಬಿಟ್ಟು ಹೇಳಬಾರದಾ? ಬರೀ ಗೊಣಗೋದು."

"ನೀವು ಕಿವಿಗೆ ಮಷಿನ್ ಹಾಕ್ಕೊಳ್ಳಿ," ಎಂದು ಟೈಲರಮ್ಮ ಪಾತ್ರೆಯನ್ನು ನಲ್ಲಿಯ ಕೆಳಗೆ ಹಿಡಿದಳು. ಗಂಡನಿಗೆ ಶೀತವಾಗಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಆದರೆ ಪಾತ್ರೆ ಉಜ್ಜುವುದಿತ್ತು, ಉಜ್ಜಿದಳು.

ಗಂಡ ಅಗ್ನಿಶಾಮಕ ಠಾಣೆಗೆ ಸೇರಿ ಇಪ್ಪತ್ತೆಂಟು ವರ್ಷವಾಗಿತ್ತು. ಠಾಣೆಯಲ್ಲಿ ಅವನನ್ನು ಯಾರೂ ಹೆಸರಿನಿಂದ ಕರೆಯುತ್ತಿರಲಿಲ್ಲ, ಎಲ್ಲರಿಗೂ ಅವನು ಗುಡುಗಣ್ಣ. ಗಂಟಲು ಹಾಗಿತ್ತು. ಆ ಗಂಟಲಿನಿಂದಲೇ ಅವನಿಗೆ ಬಾಗಿಲಿನ ಹಲಗೆಯ ಕೆಲಸ ಸಿಕ್ಕಿದ್ದು. ಗಾಳಿಯ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡು ಉರಿಯುವ ಕಟ್ಟಡದೊಳಗೆ ಹೋಗುವವರು ತಮ್ಮ ಹೆಸರಿನ ಬಿಲ್ಲೆಯನ್ನು ಬಾಗಿಲಲ್ಲಿ ನಿಂತವನ ಕೈಗೆ ಕೊಟ್ಟು ಹೋಗಬೇಕು. ಅವನು ಅದನ್ನು ಹಲಗೆಗೆ ಸಿಕ್ಕಿಸಿ, ಎಷ್ಟು ಗಂಟೆಗೆ ಹೋದರು, ಎಷ್ಟು ಗಾಳಿ ಇದೆ ಎಂದು ಬರೆದಿಟ್ಟು, ಗಾಳಿ ತೀರುವ ಮೊದಲೇ ಒಬ್ಬೊಬ್ಬರನ್ನೂ ಹೆಸರು ಹಿಡಿದು ಹೊರಗೆ ಕರೆಯಬೇಕು. ವೈರ್‌ಲೆಸ್ ಇದ್ದೇ ಇದೆ, ಆದರೆ ನೆಲಮಾಳಿಗೆಗಳಲ್ಲಿ ಅದು ಗರಗರ ಎನ್ನುತ್ತದೆ, ಮಾತು ದಾಟಿಸುವುದಿಲ್ಲ. ಅಲ್ಲಿ ಕೂಗೇ ಗತಿ. ಒಳಗಿದ್ದವರು ಹೊಗೆಯಲ್ಲಿ ದಿಕ್ಕು ತಪ್ಪಿದರೂ ಗುಡುಗಣ್ಣನ ದನಿ ಹಿಡಿದು ಬಾಗಿಲಿಗೆ ಬರುತ್ತಾರೆ ಎಂದು ಠಾಣೆಯಲ್ಲಿ ಹೇಳುತ್ತಿದ್ದರು.

ಮನೆಯಲ್ಲೂ ಅದೇ ಗಂಟಲು. ಉಪ್ಪು ಬೇಕಾದರೂ ಗುಡುಗು, ಟವೆಲ್ ಬೇಕಾದರೂ ಗುಡುಗು. ಇವರ ಮನೆಯಲ್ಲಿ ಇವತ್ತು ಯಾವ ಅಡುಗೆಗೆ ಉಪ್ಪು ಕಡಿಮೆಯಾಯಿತು ಎಂದು ಬೀದಿಗೆಲ್ಲ ಗೊತ್ತಾಗುತ್ತಿತ್ತು. ಮದುವೆಯಾದ ಹೊಸದರಲ್ಲಿ ಟೈಲರಮ್ಮ ಕೈಯಲ್ಲಿದ್ದ ಲೋಟ ಬೀಳಿಸುತ್ತಿದ್ದಳು. ಆಮೇಲೆ ಅಭ್ಯಾಸವಾಯಿತು, ಆದರೆ ಅಭ್ಯಾಸವಾದದ್ದೆಲ್ಲ ಹಿಡಿಸುತ್ತದೆ ಎಂದೇನಿಲ್ಲ.

ಎರಡು ವರ್ಷದ ಹಿಂದೆ ಆ ದನಿ ಇಳಿಯತೊಡಗಿತು. ಮೊದಮೊದಲು ಅವಳು ನಂಬಲಿಲ್ಲ. ಗಂಡ ಪಕ್ಕದಲ್ಲಿ ಬಂದು ನಿಂತು, ಮೆಲ್ಲಗೆ, "ಚಹಾ ಇದೆಯಾ?" ಎಂದು ಕೇಳುವುದು! ಸಿಟ್ಟು ಬಂದರೂ ಮುಖ ಬಿಗಿಯುತ್ತಿರಲಿಲ್ಲ. ಅವಳು ತಂಗಿಗೆ ಫೋನಿನಲ್ಲಿ ಹೇಳಿದಳು, "ವಯಸ್ಸಾಗ್ತಾ ಒಳ್ಳೆಯವರಾಗ್ತಿದಾರೆ ಕಣೇ. ನಿಧಾನಕ್ಕೆ ಮಾತಾಡ್ತಾರೆ, ನಿಧಾನಕ್ಕೆ ಊಟ ಮಾಡ್ತಾರೆ." ಗಂಟೆ ಬಾರಿಸಿದರೆ ಎದ್ದು ಓಡಬೇಕೆಂದು ಜೀವನವೆಲ್ಲ ಏಳು ನಿಮಿಷದಲ್ಲಿ ಊಟ ಮುಗಿಸಿದ ಮನುಷ್ಯ ಈಗ ತಟ್ಟೆಯ ಮುಂದೆ ಅರ್ಧ ಗಂಟೆ ಕೂರುತ್ತಿದ್ದ. ಮದುವೆಯಾಗಿ ಅಷ್ಟು ವರ್ಷದ ಮೇಲೆ ಊಟದ ಹೊತ್ತಿನಲ್ಲಿ ಅವಳಿಗೆ ತಾನು ಅಗಿಯುವ ಸದ್ದು ಕೇಳಿಸಿತ್ತು.

ಕಿರಿಕಿರಿಯಾದದ್ದು ಅತ್ತೆಗೆ ಮಾತ್ರ. ಮಗ ಏನು ಹೇಳಿದರೂ "ಏನಂದೆ? ಏನಂದೆ?" ಎನ್ನತೊಡಗಿದರು. ಎಂಬತ್ತು ದಾಟಿದವರು, ಕಿವಿ ಹೋಗಿದೆ ಎಂದು ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡರು. ಮಗನೇ ಅಂಗಡಿಗೆ ಹೋಗಿ ಕಿವಿಯ ಮಷಿನ್ ತಂದುಕೊಟ್ಟ. ಅದನ್ನು ಹಾಕಿಕೊಂಡರೆ ತಟ್ಟೆ ಇಟ್ಟ ಸದ್ದಿಗೂ ತಲೆ ಸಿಡಿಯುತ್ತದೆ ಎಂದು ಅತ್ತೆ ಅದನ್ನು ಕನ್ನಡಕದ ಡಬ್ಬಿಯಲ್ಲಿ ಹಾಕಿಟ್ಟರು.

ಹಾಲು ಸುಟ್ಟ ವಾರವೇ ಇನ್ನೊಂದು ಅಂಗಿ ಮಷಿನ್ನಿನ ಮೇಲೆ ಬಂತು. ಗುಂಡಿ ಹಾಕಿಕೊಳ್ಳಲು ಗಂಡನ ಬಲಗೈ ಬೆರಳು ತಡವರಿಸುತ್ತಿದ್ದವು. ಅವನು ಅದನ್ನು ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಒಂದೊಂದೇ ಅಂಗಿಯ ಗುಂಡಿ ಬಿಚ್ಚಿ, ಒತ್ತಿದರೆ ಕೂರುವ ಟಿಚ್ ಬಟನ್ ಇಟ್ಟು, ಮೇಲೆ ಹಳೆಯ ಗುಂಡಿಯನ್ನೇ ಹೊಲಿದುಬಿಡುತ್ತಿದ್ದಳು. ನೋಡಿದವರಿಗೆ ಮಾಮೂಲಿ ಅಂಗಿ. ಸಮವಸ್ತ್ರ ಮೂರು, ಮನೆಯ ಅಂಗಿ ಐದು ಹೀಗೆ ಬದಲಾಗಿದ್ದವು. ಇದು ಒಂಬತ್ತನೆಯದು.

ಭಾನುವಾರ ಮಗಳು ಊಟಕ್ಕೆ ಬಂದಳು. ಅವಳೂ ಅದೇ ಇಲಾಖೆ, ಊರಿನ ಇನ್ನೊಂದು ಠಾಣೆ. ಸೇರಿ ನಾಲ್ಕು ವರ್ಷ. ಬೇಡ ಎಂದು ತಾಯಿ ಅತ್ತರೂ, "ಅಪ್ಪ ಮಾಡಿದ್ದನ್ನ ನಾನು ಮಾಡಬಾರದಾ?" ಎಂದು ಸೇರಿಕೊಂಡಿದ್ದಳು.

"ಅಪ್ಪ, ನಿಮ್ಮ ಠಾಣೆಗೂ ಬಂತಾ ಆ ಫಾರಂ?"

"ಹ್ಞೂಂ."

"ಯಾವ ಫಾರಮ್ಮೇ?" ಎಂದರು ಅತ್ತೆ.

"ಒಬ್ಬರು ಡಾಕ್ಟರಮ್ಮ ಬಂದಿದ್ರು ಅಜ್ಜಿ. ಹೊಗೆ ಕುಡಿದು ಕುಡಿದು ಎದೆ ಕೆಡುತ್ತೆ ಅಂತ ಮುಂಚೆಯಿಂದ ಹೇಳ್ತಿದ್ರಲ್ಲ, ಈಗ ಮೆದುಳಿಗೆ, ನರಕ್ಕೂ ಏನಾದ್ರೂ ಆಗ್ತಿದೆಯಾ ಅಂತ ನೋಡ್ತಿದಾರೆ. ಮರೆವು, ಪಾರ್ಕಿನ್ಸನ್, ಅಂಥವು. ಆಗುತ್ತೆ ಅಂತ ಖಚಿತವಾಗಿ ಹೇಳಲಿಲ್ಲ. ಆಗಲ್ಲ ಅಂತಾನೂ ಹೇಳಲಿಲ್ಲ."

ಗಂಡ ಏನೋ ಹೇಳಿದ.

"ಏನಂದ?"

"ಡಾಕ್ಟರಿಗೂ ಕೆಲಸ ಬೇಕಲ್ಲ ಅಂದ್ರು," ಎಂದಳು ಟೈಲರಮ್ಮ.

"ಕೋಟು ಒಗೆಯೋ ರೀತೀನೂ ಹೇಳಿಕೊಟ್ರು ಅಮ್ಮ. ಮನೆಗೆ ತರಲೇಬಾರದಂತೆ, ಠಾಣೆಯಲ್ಲೇ ಬೇರೆ ಮಷಿನ್ನಿಗೆ ಹಾಕಬೇಕಂತೆ. ಆ ಮಸಿಯಲ್ಲೇ ಎಲ್ಲ ವಿಷ ಇರುತ್ತಂತೆ."

ಟೈಲರಮ್ಮ ಬಡಿಸುವುದನ್ನು ನಿಲ್ಲಿಸಿದಳು. "ನೀನು ಮಗುವಾಗಿದ್ದಾಗ ನಿನ್ನ ಲಂಗೋಟಿನೂ ಅಪ್ಪನ ಕೋಟೂ ಒಂದೇ ಬಕೆಟ್ಟಿಗೆ ಹಾಕಿ ಒಗೆದಿದೀನಲ್ಲೇ."

"ಅದಕ್ಕೇ ನಾನು ಇಷ್ಟು ಕಪ್ಪು," ಎಂದು ಮಗಳು ನಕ್ಕಳು. ಅತ್ತೆಯೂ ನಕ್ಕರು. ಗಂಡನ ಮುಖ ಮಾತ್ರ ಹಾಗೇ ಇತ್ತು. ಮಗಳು ಅದನ್ನೇ ಸ್ವಲ್ಪ ಹೊತ್ತು ನೋಡಿ, ತಟ್ಟೆಯ ಕಡೆ ತಿರುಗಿದಳು.

ಎರಡು ದಿನದ ಮೇಲೆ ಗಂಡ ಫಾರಂ ತಂದು ಮಷಿನ್ನಿನ ಮೇಲಿಟ್ಟ. "ಇಲ್ಲೊಂದು ಸೈನ್ ಹಾಕು."

ಇಲಾಖೆಯ ಕಾಗದಕ್ಕೆಲ್ಲ ಅವಳು ಓದದೇ ಸೈನ್ ಹಾಕುವುದು ಪದ್ಧತಿ. ಆವತ್ತು ಪರದೆಯ ಅಂಚು ಮಡಿಸುತ್ತಿದ್ದಳು, ಕನ್ನಡಕ ಕಣ್ಣಿನ ಮೇಲೇ ಇತ್ತು. ಎರಡನೆಯ ಹಾಳೆಯ ತಲೆಯ ಮೇಲೆ 'ಮನೆಯವರು ತುಂಬತಕ್ಕದ್ದು' ಎಂದಿತ್ತು. ತುಂಬಿದ್ದವನು ಗಂಡ. ಮೇಲಿನ ಸಾಲಿನಲ್ಲಿ ಅವನ ಅಕ್ಷರ ಬಟಾಣಿಯಷ್ಟಿದ್ದು, ಸಾಲು ಮುಗಿಯುವಾಗ ಸಾಸಿವೆಯಾಗಿತ್ತು. ಕೆಳಗಿನ ಪ್ರಶ್ನೆಗಳಿಗೆಲ್ಲ 'ಇಲ್ಲ' ಎಂದು ಗುರುತು ಹಾಕಿದ್ದ.

"ಓದ್ತೀನಿ ಇರಿ."

"ನೀನ್ಯಾವತ್ತಿಂದ ಓದೋಕೆ ಶುರು ಮಾಡಿದೆ?"

ವಾಸನೆ ಗೊತ್ತಾಗುವುದು ಕಡಿಮೆಯಾಗಿದೆಯೇ? ಗುಂಡಿ ಹಾಕಿಕೊಳ್ಳಲು ಕಷ್ಟವೇ? ಕೈಬರಹ ಚಿಕ್ಕದಾಗಿದೆಯೇ? ಮುಖದಲ್ಲಿ ಭಾವ ಕಡಿಮೆ ಕಾಣಿಸುತ್ತದೆಯೇ? ಅವಳು ಬೆರಳಿಟ್ಟು ಓದುತ್ತ ಹೋದಳು. ಒಂದು ಸಾಲಿನಲ್ಲಿ ಬೆರಳು ನಿಂತಿತು. ಮೊದಲಿಗಿಂತ ಧ್ವನಿ ಮೆತ್ತಗಾಗಿದೆಯೇ?

"ಏನು, ಅಷ್ಟೊತ್ತು?"

"ಕೈಗೆ ಮಷಿನ್ ಎಣ್ಣೆ ಮೆತ್ತಿದೆ. ಕಾಗದ ಹಾಳಾಗುತ್ತೆ. ಆಮೇಲೆ ಹಾಕ್ತೀನಿ."

ಅವಳ ಕೈಯಲ್ಲಿ ಎಣ್ಣೆ ಇರಲಿಲ್ಲ. ಫಾರಮ್ಮನ್ನು ಅಳತೆಪಟ್ಟಿಯ ಕೆಳಗೆ ಇಟ್ಟಳು. ಮರುದಿನ ಬೆಳಿಗ್ಗೆ ಗಂಡ "ಹಾಕಿದ್ಯಾ?" ಎಂದ. "ಹಾಕ್ತೀನಿ." ಅದರ ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಹಾಕಿದರೆ ಸುಳ್ಳಾಗುತ್ತಿತ್ತು. ನಿಜ ಬರೆದರೆ ಗಂಡನನ್ನು ಬಾಗಿಲಿನಿಂದ ಎಬ್ಬಿಸಿ ಕಚೇರಿಯ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ನಿವೃತ್ತಿಗೆ ಇನ್ನು ಒಂದೂವರೆ ವರ್ಷವಷ್ಟೇ ಉಳಿದಿತ್ತು. ಬಾಗಿಲಿನ ಹಲಗೆ ಇಲ್ಲದ ಗುಡುಗಣ್ಣ ಹೇಗಿರುತ್ತಾನೆ ಎಂಬುದು ಅವಳಿಗೆ ಊಹೆಗೇ ಬರುತ್ತಿರಲಿಲ್ಲ. ಅವಳು ಪರದೆ ಹೊಲಿದಳು, ಶಾಲೆಯ ಸಮವಸ್ತ್ರ ಹೊಲಿದಳು, ಅಳತೆಪಟ್ಟಿಯನ್ನು ಮಾತ್ರ ಎತ್ತಲಿಲ್ಲ.

ಮೂರನೆಯ ವಾರ ಹಾಸಿಗೆ ಗೋದಾಮಿನ ನೆಲಮಾಳಿಗೆಗೆ ಬೆಂಕಿ ಬಿತ್ತು. ಎರಡು ಠಾಣೆಯವರೂ ಹೋದರು. ಮಗಳು ಒಳಗೆ ಹೋಗುವಾಗ ತನ್ನ ಬಿಲ್ಲೆಯನ್ನು ಅಪ್ಪನ ಕೈಗೇ ಕೊಟ್ಟು ಇಳಿದಿದ್ದಳು.

ಮರುದಿನ ಮಧ್ಯಾಹ್ನ ಇಬ್ಬರೂ ಮನೆಗೆ ಬಂದರು. ಮಗಳು ಕೈ ತೊಳೆಯದೇ ಮೇಜಿನ ಮುಂದೆ ಕೂತಳು.

"ಅಪ್ಪ, ನನ್ನ ಯಾಕೆ ಕರೀಲಿಲ್ಲ?"

"ಕರೆದೆ."

"ಇಲ್ಲ. ಕೇಳಿಸಲಿಲ್ಲ."

"ಮೂರು ಸಲ ಕರೆದೆ. ಕಿವೀಲಿ ಏನಿಟ್ಕೊಂಡಿದ್ದೆ?"

"ಗಾಳಿ ತೀರ್ತಿದೆ ಅಂತ ನಮ್ಮ ಸಿಲಿಂಡರೇ ಸೀಟಿ ಹೊಡೆದ ಮೇಲೆ ನಾವು ಹೊರಟಿದ್ದು. ಯಾವ ಕಡೆ ಬಾಗಿಲು ಅಂತಾನೇ ಗೊತ್ತಾಗಲಿಲ್ಲ. ಮೆಟ್ಟಿಲು ಸಿಗೋ ಹೊತ್ತಿಗೆ ನನ್ನ ಜೊತೆಯವನ ಗಾಳಿ ಮುಗಿದುಹೋಗಿತ್ತು. ಅವನ ಬೆನ್ನಿನ ಪಟ್ಟಿ ಹಿಡಿದು ಎಳ್ಕೊಂಡು ಬಂದೆ."

"ಅವನು ಹೇಗಿದ್ದಾನೆ?" ಎಂದಳು ಟೈಲರಮ್ಮ.

"ಆಸ್ಪತ್ರೇಲಿದಾನೆ. ಉಸಿರಾಡ್ತಿದಾನೆ. ನಾಳೆ ಕಳಿಸ್ತಾರಂತೆ."

ಗಂಡ ಮೇಜಿನ ಮೇಲೆ ಬೆರಳಿಟ್ಟ. "ಹಲಗೇಲಿ ಬರೆದಿದೀನಿ. ಯಾವ ನಿಮಿಷಕ್ಕೆ ಕರೆದೆ ಅಂತ ಮೂರೂ ಬರೆದಿದೀನಿ. ಅಧಿಕಾರಿ ನೋಡಿದ್ರು. ನಾನು ಸುಳ್ಳು ಹೇಳ್ತೀನಾ?"

ಹಲಗೆಯ ಮೇಲೆ ಅವನು ಸುಳ್ಳು ಬರೆಯುವವನಲ್ಲ, ಅದು ಮೂವರಿಗೂ ಗೊತ್ತಿತ್ತು. "ಹಾಗಾದ್ರೆ ನನ್ನ ಕಿವೀಲೇ ಏನೋ ಆಗಿರಬೇಕು," ಎಂದಳು ಮಗಳು.

"ನೋಡಿಸ್ಕೋ. ಕಿವಿ ಕೇಳದವರು ಒಳಗೆ ಹೋಗಬಾರದು. ನಿನ್ನ ಜೊತೆಗಿರೋರನ್ನೂ ಕೊಲ್ತೀಯ."

"ಏನಂದ?" ಎಂದರು ಅತ್ತೆ.

"ಕಿವಿ ನೋಡಿಸ್ಕೋ ಅಂದ್ರು ಅಜ್ಜಿ. ನೀವೂ ಬನ್ನಿ, ನಿಮ್ಮ ಮಷಿನ್ನೂ ತೋರಿಸಿಕೊಂಡು ಬರೋಣ."

ಆ ವಾರ ಗಂಡ ಡ್ಯೂಟಿಯಲ್ಲಿದ್ದ ದಿನ ಮಗಳೂ ಅಜ್ಜಿಯೂ ಆಟೋ ಹಿಡಿದು ಕಿವಿ ಆಸ್ಪತ್ರೆಗೆ ಹೋದರು. ಮೂರು ಗಂಟೆಗೆ ವಾಪಸು ಬಂದಾಗ ಅತ್ತೆ ಹೊಸ್ತಿಲ ಹೊರಗಿನಿಂದಲೇ ಶುರು ಮಾಡಿದರು.

"ಕೇಳಿದ್ಯೇನೇ? ನನ್ನ ಕಿವಿ ಸರಿಯಾಗಿದೆಯಂತೆ! ಎಂಬತ್ತೆರಡಕ್ಕೆ ಇಂಥ ಕಿವಿ ನೋಡೇ ಇಲ್ಲ ಅಂದ ಆ ಡಾಕ್ಟರ. ಈ ಮಷಿನ್ ಯಾರು ಕೊಡಿಸಿದ್ದು ಅಂತ ಕೇಳಿದ. ನನ್ನ ಮಗ ಅಂದೆ. ಗೊಣಗೋದು ಅವನು, ಮಷಿನ್ನು ನನಗೆ!"

"ಅಜ್ಜಿ, ಕೂತ್ಕೊಳ್ಳಿ ಮೊದಲು."

"ಎರಡು ವರ್ಷ ನನ್ನನ್ನ ಕಿವುಡಿ ಮಾಡಿ ಕೂರಿಸಿದ್ರಲ್ಲೇ! ನೀರು ಕೊಡು."

ಟೈಲರಮ್ಮ ನೀರು ಕೊಟ್ಟಳು. ಮಗಳ ಕಡೆ ತಿರುಗಿದಳು. "ನಿಂದು?"

"ಚೆನ್ನಾಗಿದೆ."

"ಎರಡೂ ಕಿವಿನಾ?"

"ಎರಡೂ, ಅಮ್ಮ."

ಅತ್ತೆ ನೀರು ಕುಡಿದು ಲೋಟ ಕೆಳಗಿಟ್ಟರು. ಅವರ ಮುಖದಲ್ಲಿದ್ದ ಗೆಲುವು ಮೆಲ್ಲಗೆ ಇಳಿಯಿತು. "ಅವನ ಕೈಯೇನೂ ನಡುಗಲ್ವಲ್ಲೇ," ಎಂದರು, ಯಾರೂ ಕೇಳದಿದ್ದರೂ.

"ಎಲ್ಲರಿಗೂ ನಡುಕದಿಂದಲೇ ಶುರುವಾಗಲ್ಲ ಅಜ್ಜಿ. ಪಾರ್ಕಿನ್ಸನ್ನೋ ಬೇರೇನೋ, ಡಾಕ್ಟರು ನೋಡಿ ಹೇಳಬೇಕು. ಅಪ್ಪ ಹೋಗ್ತಾರಾ?"

"ನಿಮ್ಮಪ್ಪ ತಾನು ಕೂಗಿದೀನಿ ಅಂತಲೇ ನಂಬಿದಾರೆ," ಎಂದಳು ಟೈಲರಮ್ಮ.

ಸಂಜೆ ಡ್ಯೂಟಿ ಮುಗಿಸಿ, ಗಂಡ ಮನೆಗೆ ಬರುವ ಮೊದಲೇ, ಠಾಣೆಯ ಡ್ರೈವರ್ ತನ್ನ ಪ್ಯಾಂಟಿನ ಕಾಲು ಮಡಿಸಿ ಹೊಲಿಸಿಕೊಳ್ಳಲು ಬಂದ. ಹತ್ತು ವರ್ಷದಿಂದ ಅವನ ಬಟ್ಟೆ ಅವಳೇ ಹೊಲಿಯುವುದು. ಅವಳು ಟೇಪು ಹಿಡಿದು ಕೂತಲ್ಲಿಂದಲೇ ಕೇಳಿದಳು.

"ಅವತ್ತು ಗೋದಾಮಿನಲ್ಲಿ ನೀನೆಲ್ಲಿದ್ದೆ?"

"ನೀರಿನ ಗಾಡಿ ಹಿಂದಕ್ಕೆ ತಗೋ ಅಂದ್ರು ಅಕ್ಕ, ಬೀದಿ ಆ ಕಡೆಗೆ ಹೋಗಿದ್ದೆ. ಹತ್ತೇ ನಿಮಿಷ."

"ನೀನಿದ್ದಿದ್ರೆ?"

ಡ್ರೈವರ್ ತನ್ನ ಕಾಲನ್ನು ನೋಡಿಕೊಂಡ. "ನಾನಿದ್ರೆ ನಾನು ಕೂಗ್ತೀನಿ ಅಕ್ಕ. ಅಣ್ಣ ಪಕ್ಕದಲ್ಲಿ ನಿಂತು ಹೆಸರು ಹೇಳ್ತಾರೆ, ನಾನು ಕೂಗ್ತೀನಿ. ವರ್ಷದ ಮೇಲಾಯ್ತು."

"ಅವರು ಏನೂ ಅನ್ನಲ್ವಾ?"

"ಅವರಿಗೆ ತಾನೂ ಕೂಗ್ತಿದೀನಿ ಅಂತಲೇ ಅನ್ಸುತ್ತೆ. ನಾನು ಸುಮ್ಮನೆ ದನಿ ಸೇರಿಸ್ತೀನಿ ಅಂದ್ಕೊಂಡಿದಾರೆ. ನಮ್ಮ ಶಿಫ್ಟಿನಲ್ಲಿ ಎಲ್ಲರಿಗೂ ಗೊತ್ತು. ಯಾರೂ ಬಾಯಿ ಬಿಡಲ್ಲ. ನಮ್ಮನ್ನೆಲ್ಲ ಎಷ್ಟು ಸಲ ಹೊರಗೆ ಕರೆದಿದಾರೆ ಅವರು! ಅಂಥವರನ್ನ ಬಿಟ್ಟುಕೊಡ್ತೀವಾ? ಒಂದೂವರೆ ವರ್ಷ, ಹೇಗೋ ದಾಟಿಸಿಬಿಡೋಣ ಅಂತ."

ಅವಳು ಸೀಮೆಸುಣ್ಣದಿಂದ ಗುರುತು ಹಾಕಿದಳು. ಬೈಯಬೇಕೆಂದುಕೊಂಡಳು. ಎದುರಿಗೆ ಗೂಟದಲ್ಲಿ ಒಂಬತ್ತನೆಯ ಅಂಗಿ ನೇತಾಡುತ್ತಿತ್ತು. ಬೈಯಲಿಲ್ಲ.

ಮರುದಿನ ಗಂಡನಿಗೆ ರಜೆ. ಹನ್ನೊಂದು ಗಂಟೆಗೆ ಅವಳು ಮಷಿನ್ ಬಿಟ್ಟು ಎದ್ದಳು.

"ರೀ, ಬನ್ನಿ ಹೊರಗೆ."

"ಯಾಕೆ?"

"ನಾನು ಬೀದಿ ಕೊನೆಗೆ ಹೋಗಿ ನಿಂತ್ಕೋತೀನಿ. ನೀವು ಬಾಗಿಲಲ್ಲಿ ನಿಂತು ಕೂಗಿ. ಠಾಣೇಲಿ ಹೇಗೆ ಕೂಗ್ತೀರೋ ಹಾಗೆ. ಕೇಳಿಸಿದ್ರೆ ಕೈ ಎತ್ತುತೀನಿ."

"ತಲೆ ಕೆಟ್ಟಿದೆಯಾ? ನೋಡಿದವರು ನಗ್ತಾರೆ."

"ಇಷ್ಟು ವರ್ಷ ನೀವು ಉಪ್ಪಿಗೆ ಕೂಗಿದಾಗ ನಗಲಿಲ್ವಾ? ನಗಲಿ. ನಿಮ್ಮ ಮಗಳ ಕಿವಿ ಚೆನ್ನಾಗಿದೆಯಂತೆ, ಚೀಟಿ ಬರೆದುಕೊಟ್ಟಿದಾರೆ. ನಿಮ್ಮಮ್ಮನದೂ ಚೆನ್ನಾಗಿದೆಯಂತೆ. ಇನ್ನು ಉಳಿದಿರೋದು ನಂದು. ನೋಡಿಬಿಡೋಣ."

ಅವನು ಚಪ್ಪಲಿ ಹಾಕಿಕೊಂಡು ಬಾಗಿಲಿಗೆ ಬಂದ.

ಬೀದಿಯ ಕೊನೆಯಲ್ಲಿ ಒಂದು ಲೈಟು ಕಂಬ. ಮಗಳು ಚಿಕ್ಕವಳಿದ್ದಾಗ ಅದರಾಚೆಯ ತಿರುವು ದಾಟಿ ಆಡುತ್ತಿದ್ದರೂ ಅಪ್ಪನ ಒಂದೇ ಕೂಗಿಗೆ ಮನೆಗೆ ಓಡಿ ಬರುತ್ತಿದ್ದಳು. ಟೈಲರಮ್ಮ ಕಂಬದ ಹತ್ತಿರ ಹೋಗಿ ತಿರುಗಿ ನಿಂತಳು. ಗಂಡ ಎದೆ ತುಂಬ ಗಾಳಿ ಎಳೆದುಕೊಂಡದ್ದು ಕಾಣಿಸಿತು. ಬಾಯಿ ಅಗಲವಾಗಿ ತೆರೆಯಿತು, ಕತ್ತು ಮುಂದಕ್ಕೆ ಬಂತು. ಯಾವುದೋ ಮನೆಯಲ್ಲಿ ಚಾಪೆ ಝಾಡಿಸುತ್ತಿದ್ದರು, ಎಲ್ಲೋ ನೀರು ಡ್ರಮ್ಮಿಗೆ ಬೀಳುತ್ತಿತ್ತು. ಆ ಎರಡು ಸದ್ದು ಬಿಟ್ಟರೆ ಬೀದಿಯಲ್ಲಿ ಏನೂ ಇರಲಿಲ್ಲ.

ಅವನು ಅವಳ ಕೈಯನ್ನೇ ನೋಡುತ್ತ ನಿಂತಿದ್ದ. ಕೈ ಎತ್ತಿದರೆ ಮುಗಿಯಿತು. ಅವನು ಒಳಗೆ ಹೋಗಿ ಪೇಪರ್ ಹಿಡಿಯುತ್ತಾನೆ, ನಾಳೆ ಮತ್ತೆ ಬಾಗಿಲಲ್ಲಿ ನಿಲ್ಲುತ್ತಾನೆ. ಟೈಲರಮ್ಮ ಎರಡು ಕೈಯನ್ನೂ ಸೆರಗಿನಲ್ಲಿ ಸುತ್ತಿಕೊಂಡಳು.

ಅವನು ಮತ್ತೆ ಕೂಗಿದ. ಅವಳು ಹತ್ತು ಹೆಜ್ಜೆ ಮುಂದೆ ಬಂದಳು. ಅವನು ಮತ್ತೆ ಕೂಗಿದ. ಅವಳು ಮತ್ತೆ ಹತ್ತು ಹೆಜ್ಜೆ ಬಂದಳು. ಚಾಪೆ ಝಾಡಿಸುತ್ತಿದ್ದವಳು ಕೈ ನಿಲ್ಲಿಸಿ ನೋಡತೊಡಗಿದಳು. ಟೈಲರಮ್ಮ ನೀರಿನ ಡ್ರಮ್ಮು ದಾಟಿದಳು, ನಿಲ್ಲಿಸಿದ್ದ ಸ್ಕೂಟರ್ ದಾಟಿದಳು. ಪಕ್ಕದ ಮನೆಯ ಗೇಟಿಗೆ ಬಂದಾಗ ಬಾವಿಯೊಳಗಿನಿಂದ ಬಂದ ಹಾಗೆ ಅವಳ ಹೆಸರು ಕೇಳಿಸಿತು, ಅದರ ಹಿಂದೆ, "ಹೊರಗೆ ಬಾ." ಅವಳು ಅಲ್ಲಿ ನಿಂತು ಕೈ ಎತ್ತಿದಳು.

ಅವನು ಮೆಟ್ಟಿಲಿಳಿದು ನಡೆದು ಬಂದ. ಬಲಗೈ ಬೀಸದೆ ಪಕ್ಕಕ್ಕೆ ಅಂಟಿಕೊಂಡಿತ್ತು. ಅವಳು ನಿಂತಿದ್ದ ಜಾಗದಲ್ಲೇ ನಿಂತು, ತಮ್ಮ ಮನೆಯ ಬಾಗಿಲಿನ ಕಡೆ ತಿರುಗಿ, ಬೆಂಕಿಯ ಜಾಗವನ್ನು ಕಣ್ಣಲ್ಲೇ ಅಳೆಯುವವರ ಹಾಗೆ ಅಳೆದ.

"ಇಲ್ಲಿ ಕೇಳಿಸ್ತಾ?"

"ಇಲ್ಲೇ."

"ಅದಕ್ಕೆ ಮುಂಚೆ?"

"ಇಲ್ಲ ರೀ."

"ನಾನು ಕೂಗಿದೆ."

"ಕೂಗಿದ್ರಿ. ನೋಡಿದೆ."

ಹನ್ನೆರಡು ಹೆಜ್ಜೆ ಇತ್ತು. ಅವನು ಅದನ್ನು ನಡೆದು ಎಣಿಸಿದ. ಬಾಗಿಲು ಮುಟ್ಟಿದ ಮೇಲೆ, ಹಿಂತಿರುಗಿ ನೋಡದೇ, "ಗೋದಾಮಿನಲ್ಲಿ ಮೆಟ್ಟಿಲೇ ಇಪ್ಪತ್ತಿತ್ತು," ಎಂದ.

ಒಳಗೆ ಹೋಗಿ ಕುರ್ಚಿಯಲ್ಲಿ ಕೂತ. ಅತ್ತೆ ಎಲ್ಲವನ್ನೂ ಕಿಟಕಿಯಿಂದ ನೋಡಿದ್ದರು, ಆದರೆ "ಏನಂದ?" ಎಂದು ಈ ಸಲ ಕೇಳಲಿಲ್ಲ. ಮಗನ ಪಕ್ಕ ಬಂದು ಗೋಡೆ ಹಿಡಿದು ನಿಂತರು.

"ಅಧಿಕಾರಿಗೆ ಫೋನ್ ಮಾಡು," ಎಂದ ಅವನು.

"ನಾನಾ?"

"ನಾನು ಮಾತಾಡಿದ್ರೆ ಅವರಿಗೆ ಕೇಳಿಸುತ್ತೋ ಇಲ್ವೋ."

ಅವಳು ನಂಬರ್ ಒತ್ತಿದಳು. ಠಾಣಾಧಿಕಾರಿ ಎತ್ತಿದರು. ಗಂಡ ಒಂದೊಂದೇ ಮಾತು ಹೇಳಿದ, ಅವಳು ಅದನ್ನೇ ಜೋರಾಗಿ ಹೇಳಿದಳು.

"ನಾಳೆಯಿಂದ ಬಾಗಿಲಿಗೆ ಬೇರೆಯವರನ್ನ ಹಾಕಿ ಅಂತಿದಾರೆ ಸಾರ್... ಗೋದಾಮಿನಲ್ಲಿ ಆಗಿದ್ದು ಮಗಳ ತಪ್ಪಲ್ಲ, ಒಳಗಿದ್ದ ಯಾರ ತಪ್ಪೂ ಅಲ್ಲ ಅಂತಿದಾರೆ... ಕರೆದಿದ್ದು ನಿಜ, ದನಿ ಹೋಗಲಿಲ್ಲ ಅಂತ ಬರ್ಕೊಳ್ಳಿ ಅಂತಿದಾರೆ... ಡಾಕ್ಟರ ಹತ್ರ ಹೋಗ್ತಾರಂತೆ. ಹೌದು ಸಾರ್, ಇಲ್ಲೇ ಇದಾರೆ, ನನ್ನ ಪಕ್ಕದಲ್ಲೇ."

ಆ ಕಡೆಯಿಂದ ಒಂದು ಪ್ರಶ್ನೆ ಬಂತು. ಅವಳು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು ಗಂಡನಿಗೆ ಹೇಳಿದಳು, "ಎಷ್ಟು ದಿನದಿಂದ ಹೀಗೆ ಅಂತ ಕೇಳ್ತಿದಾರೆ."

"ನನಗೇನು ಗೊತ್ತು? ಇವತ್ತೇ ಗೊತ್ತಾಗಿದ್ದು," ಎಂದ ಅವನು.

ಅವಳು ಫೋನನ್ನು ಮತ್ತೆ ಕಿವಿಗಿಟ್ಟುಕೊಂಡಳು.

"ಎರಡು ವರ್ಷ ಆಯ್ತು ಸಾರ್," ಎಂದಳು. "ನನಗೆ ಗೊತ್ತಿತ್ತು."

ಗಂಡ ತಲೆಯೆತ್ತಿ ಅವಳನ್ನು ನೋಡಿದ. ಅಧಿಕಾರಿ ಇನ್ನೇನೋ ಕೇಳುತ್ತಿದ್ದರು. ಅವಳು ಉತ್ತರ ಹೇಳುತ್ತ ಹೋದಳು, ಯಾರೂ ಹೇಳಿಕೊಡದೆ.